ಹಳದಿ ದಾರದ ಕಟ್ಟು

ಅವಳು ನೀರು ಕುಡಿಯುತ್ತಿದ್ದಳು. ಮೊದಲು ನನ್ನ ಹೊಟ್ಟೆ ಉರಿಸಿದ್ದು ಅದೇ.

ನಮ್ಮ ಲಾಂಡ್ರಿಯಲ್ಲಿ ಮಡಿಸುವ ಮೇಜಿನ ಹೆಂಗಸರು ಯಾರೂ ಕೆಲಸದ ಹೊತ್ತಿನಲ್ಲಿ ನೀರು ಕುಡಿಯುವುದಿಲ್ಲ. ನಾನಂತೂ ಒಂಬತ್ತು ವರ್ಷದಿಂದ ಕುಡಿದಿಲ್ಲ. ಮನೆಯಿಂದ ಹೊರಡುವಾಗ ಅರ್ಧ ಲೋಟ ಟೀ, ಮಧ್ಯಾಹ್ನ ಊಟದ ಜೊತೆ ಎರಡು ಗುಟುಕು ನೀರು, ಅಷ್ಟೇ. ಆಸ್ಪತ್ರೆಗಳ, ಹೋಟೆಲುಗಳ ಶೀಟುಗಳು ರೋಲರ್ ಯಂತ್ರದಿಂದ ಸುಡುತ್ತಾ ಹೊರಗೆ ಬರುತ್ತವೆ. ಹಬೆ ಮುಖಕ್ಕೆ ಹೊಡೆಯುತ್ತದೆ. ತುಟಿ ಒಡೆಯುತ್ತದೆ. ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಆದರೂ ಕುಡಿಯುವುದಿಲ್ಲ. ಕುಡಿದರೆ ಹೋಗಬೇಕು. ಹೋಗಬೇಕಾದರೆ ಬಿಲ್ಲೆ ಬೇಕು.

ಬಿಲ್ಲೆ ಅಂದರೆ ಅಂಗೈಯಗಲದ ತಗಡು, ಅದಕ್ಕೊಂದು ಹಗ್ಗ. ಸೂಪರ್‌ವೈಸರ್ ಮೇಜಿನ ಪಕ್ಕದ ಮೊಳೆಯಲ್ಲಿ ನೇತಾಡುತ್ತಿರುತ್ತದೆ. ನಲವತ್ತು ಹೆಂಗಸರಿಗೆ ಒಂದೇ ಬಿಲ್ಲೆ. ಅದನ್ನು ಕೊರಳಿಗೆ ಹಾಕಿಕೊಂಡರೆ ಮಾತ್ರ ಬಾತ್‌ರೂಮಿನ ಕಡೆ ಹೋಗಬಹುದು. ಒಬ್ಬಳಿಗೆ ದಿನಕ್ಕೆ ಎರಡು ಸಲ. ಹೋದ ಹೊತ್ತು, ಬಂದ ಹೊತ್ತು ಸೂಪರ್‌ವೈಸರ್ ಬರೆದುಕೊಳ್ಳುತ್ತಾನೆ. ಐದು ನಿಮಿಷ ದಾಟಿದರೆ ಕೊರಳಲ್ಲಿರುವ ಸೀಟಿ ಊದುತ್ತಾನೆ. ಅದಕ್ಕೇ ನಾವು ಅವನಿಗೆ ಇಟ್ಟ ಹೆಸರು ಸೀಟಿ. ಅವನ ನಿಜವಾದ ಹೆಸರು ಅವನ ಹೆಂಡತಿಗೂ ಮರೆತುಹೋಗಿರಬೇಕು ಅಂತ ನಗುತ್ತಿದ್ದೆವು.

ಅವಳು ಮಾತ್ರ ಬಾಟಲಿ ತರುತ್ತಿದ್ದಳು. ಅವಳು ಅಂದರೆ ನನ್ನ ಓರಗಿತ್ತಿ, ಮೈದುನನ ಹೆಂಡತಿ. ಮನೆಯಲ್ಲಿ ಅತ್ತೆ ನನ್ನನ್ನು ದೊಡ್ಡವಳು ಅನ್ನುತ್ತಾರೆ, ಅವಳನ್ನು ಚಿಕ್ಕವಳು. ಅವಳನ್ನು ಲಾಂಡ್ರಿಗೆ ಸೇರಿಸಿದವಳು ನಾನು. ಕೆಲಸ ಕಲಿಸಿದವಳೂ ನಾನು. ಅವಳಿಗೆ ಉರಿಮೂತ್ರ ಶುರುವಾಗಿತ್ತು. ಅದು ನಮ್ಮಲ್ಲಿ ಯಾರಿಗಿಲ್ಲ? ಆದರೆ ನಾವು ಹಲ್ಲು ಕಚ್ಚಿಕೊಂಡೆವು, ಇವಳು ಡಾಕ್ಟರ ಹತ್ತಿರ ಹೋದಳು. ನೀರು ಕುಡಿಯಬೇಕು, ತಡೆದು ಹಿಡಿಯಬಾರದು ಅಂತ ಅವರಿಂದ ಚೀಟಿ ಬರೆಸಿಕೊಂಡು ಬಂದಳು. ಅದನ್ನು ಸೀಟಿಯ ಮೇಜಿನ ಮೇಲಿಟ್ಟು, "ನಾಲ್ಕು ಸಲ ಹೋಗ್ಬೇಕು ಸಾರ್, ನೋಡಿ, ಬರೆದಿದ್ದಾರೆ" ಅಂದಳು. ಅವನು ಗೊಣಗಿದ. ಆದರೆ ಕೊಟ್ಟ.

ನಾಲ್ಕು ಸಲ! ಕೇಳಿದಳು, ಸಿಕ್ಕಿತು. ಒಂಬತ್ತು ವರ್ಷ ಒಣಗಿದವಳ ಎದುರಿಗೇ ನಿಂತು ಗಟಗಟ ಕುಡಿಯುತ್ತಿದ್ದಳು. "ನೀನೂ ಒಂದು ಗುಟುಕು ಕುಡಿ ಅಕ್ಕ" ಅಂತ ಬಾಟಲಿ ಚಾಚುತ್ತಿದ್ದಳು. ನನಗೆ ಆ ಬಾಟಲಿಯನ್ನು ಕಿತ್ತು ರೋಲರಿನೊಳಗೆ ಎಸೆಯಬೇಕು ಅನ್ನಿಸುತ್ತಿತ್ತು.

ಶೀಟು ಮಡಿಸುವುದು ಇಬ್ಬರ ಕೆಲಸ. ಆ ತುದಿಯ ಎರಡು ಮೂಲೆ ಒಬ್ಬಳ ಕೈಯಲ್ಲಿ, ಈ ತುದಿಯ ಎರಡು ಮೂಲೆ ಇನ್ನೊಬ್ಬಳ ಕೈಯಲ್ಲಿ. ಜಾಡಿಸಬೇಕು, ಬೆಳಕಿಗೆ ಹಿಡಿಯಬೇಕು, ತನ್ನ ಕಡೆಯ ಅರ್ಧವನ್ನು ತಾನು ನೋಡಬೇಕು. ಆಮೇಲೆ ಒಬ್ಬರ ಕಡೆಗೆ ಒಬ್ಬರು ನಡೆದು ಮೂಲೆಗೆ ಮೂಲೆ ಕೂಡಿಸಬೇಕು. ದಿನಕ್ಕೆ ಎಂಟುನೂರು ಸಲ ನಾನು ಅವಳ ಮುಖದವರೆಗೆ ನಡೆದು ಹೋಗುತ್ತಿದ್ದೆ, ಎಂಟುನೂರು ಸಲ ಹಿಂದಕ್ಕೆ ಬರುತ್ತಿದ್ದೆ. ಸಂಜೆ ಮನೆಯಲ್ಲಿ ತಲೆ ಬಾಚಲು ಕೈ ಏಳುವುದಿಲ್ಲ.

ಹತ್ತು ಶೀಟು ಸೇರಿದರೆ ಒಂದು ಕಟ್ಟು. ಒಬ್ಬೊಬ್ಬ ಹೆಂಗಸಿಗೂ ಒಂದೊಂದು ಬಣ್ಣದ ದಾರ. ನನ್ನದು ನೀಲಿ, ಚಿಕ್ಕವಳದು ಹಳದಿ. ಒಂದು ಕಟ್ಟಿಗೆ ನನ್ನ ದಾರ, ಮುಂದಿನದಕ್ಕೆ ಅವಳ ದಾರ. ಸಂಜೆ ಸೀಟಿ ಬಣ್ಣ ನೋಡಿ ಎಣಿಸುತ್ತಾನೆ. ಯಾರ ಬಣ್ಣ ಕಡಿಮೆಯೋ ಅವಳನ್ನು ಮಾರನೆಯ ದಿನ ರೋಲರಿನ ಬಾಯಿಗೆ ಹಾಕುತ್ತಾನೆ. ಅಲ್ಲಿ ನಿಂತವರ ಬೆರಳ ತುದಿಯಲ್ಲಿ ಚರ್ಮ ಉಳಿಯುವುದಿಲ್ಲ.

ಬಿಲ್ಲೆ ಹಾಕಿಕೊಂಡು ಹೋದವಳ ದಾರವನ್ನು ಆ ಹೊತ್ತಿನಲ್ಲಿ ಕಟ್ಟಬಾರದು ಅನ್ನುವುದು ಕಂಪನಿಯ ಕಾನೂನು. ಕಟ್ಟುತ್ತೇವೆ ಅನ್ನುವುದು ನಮ್ಮ ಕಾನೂನು. ಜೋಡಿಯಲ್ಲಿ ಒಬ್ಬಳು ಹೋದರೆ ಉಳಿದವಳು ಒಬ್ಬಳೇ ಮಡಿಸುತ್ತಾಳೆ, ಹೋದವಳ ದಾರದಲ್ಲಿ ಕಟ್ಟಿ ಪಕ್ಕಕ್ಕಿಡುತ್ತಾಳೆ. ಇದನ್ನು ಯಾರೂ ಯಾರಿಗೂ ಬಾಯಿಬಿಟ್ಟು ಹೇಳಿಕೊಟ್ಟಿಲ್ಲ. ಜಗಳವಾಡಿ ಮಾತು ಬಿಟ್ಟವರೂ ಇದನ್ನು ಬಿಡುವುದಿಲ್ಲ. ನಲವತ್ತು ಹೆಂಗಸರಿಗೆ ಗೊತ್ತು, ಸೀಟಿಗೆ ಗೊತ್ತಿಲ್ಲ.

ಆ ದಿನ ಅವಳು ಮೂರನೇ ಸಲ ಹೋದಳು. ಹೋಗುವ ಮೊದಲು ನನ್ನ ಎದುರಿಗೆ ನಿಂತೇ ಅರ್ಧ ಬಾಟಲಿ ಖಾಲಿ ಮಾಡಿದಳು. ನನ್ನ ಹೊಟ್ಟೆಯ ಕೆಳಗೆ ಬೆಳಿಗ್ಗೆಯಿಂದ ಕಲ್ಲು ಕಟ್ಟಿದಂತಿತ್ತು. ನನ್ನ ಎರಡು ಸಲ ಮುಗಿದುಹೋಗಿತ್ತು. ಒಬ್ಬಳೇ ಮಡಿಸುವಾಗ ಶೀಟನ್ನು ಎತ್ತಿ ಬೆಳಕಿಗೆ ಹಿಡಿಯಲಾಗುವುದಿಲ್ಲ, ಮೇಜಿನ ಮೇಲೆ ಹರಡಿ ಮಡಿಸಬೇಕು. ಆಗ ಆಚೆಯ ಅರ್ಧ ನೋಡಬೇಕಾದರೆ ಮೇಜು ಸುತ್ತಿ ಹೋಗಬೇಕು. ಉಳಿದ ದಿನ ಸುತ್ತಿ ಹೋಗುತ್ತಿದ್ದೆ. ಆ ದಿನ ಹೋಗಲಿಲ್ಲ. ಹೋಗು ಮಹಾರಾಣಿ, ನಿನಗೋಸ್ಕರ ಮೇಜು ಬೇರೆ ಸುತ್ತಬೇಕಾ ಅಂತ ಮನಸ್ಸಿನಲ್ಲೇ ಬೈಯುತ್ತಾ ಹತ್ತು ಶೀಟು ಮಡಿಸಿದೆ. ಬೈಯುತ್ತಲೇ ಅವಳ ಹಳದಿ ದಾರದಲ್ಲಿ ಕಟ್ಟಿದೆ.

ಎರಡು ದಿನದ ಮೇಲೆ ಆ ಕಟ್ಟು ಆಸ್ಪತ್ರೆಯಿಂದ ವಾಪಸ್ಸು ಬಂತು. ಒಳಗಿನ ಒಂದು ಶೀಟಿನಲ್ಲಿ ತೊಳೆದರೂ ಹೋಗದ ರಕ್ತದ ಕಲೆ. ಆಪರೇಷನ್ ಕೋಣೆಯವರೆಗೆ ಹೋಗಿತ್ತಂತೆ. ಮ್ಯಾನೇಜರ್ ಮಹಡಿಯಿಂದ ಇಳಿದು ಬಂದ. ಅವನು ಇಳಿದು ಬಂದರೆ ಯಂತ್ರಗಳು ನಿಲ್ಲುತ್ತವೆ.

"ಈ ದಾರ ಯಾರದು?"

"ನನ್ನದು ಸಾರ್" ಅಂದಳು ಚಿಕ್ಕವಳು.

"ಕಟ್ಟಿದ್ದು?"

ಅವಳು ದಾರವನ್ನೇ ನೋಡಿದಳು. ನನ್ನ ಕಡೆ ತಿರುಗಲಿಲ್ಲ. ಅವಳಿಗೆ ಗೊತ್ತು. ಅದು ಅವಳು ಕಟ್ಟುವ ಗಂಟಲ್ಲ, ನಾನು ಹಾಕುವ ಗಂಟು. ನಲವತ್ತು ಹೆಂಗಸರೂ ನೋಡುತ್ತಾ ನಿಂತಿದ್ದರು. ನನ್ನ ನಾಲಿಗೆ ಅಂಗುಳಕ್ಕೆ ಅಂಟಿತ್ತು.

"ದಾರ ನನ್ನದೇ ಸಾರ್" ಅಂದಳು ಮತ್ತೆ.

"ದಿನಕ್ಕೆ ನಾಲ್ಕು ಸಲ ತಿರುಗಾಡೋಳಿಗೆ ಕೆಲಸದ ಮೇಲೆ ಗಮನ ಎಲ್ಲಿರತ್ತೆ? ಏಪ್ರನ್ ಬಿಚ್ಚಿಡು. ನಾಳೆಯಿಂದ ಬರಬೇಡ."

ಒಂದು ಕಾಗದ ಇಲ್ಲ, ಒಂದು ವಿಚಾರಣೆ ಇಲ್ಲ. ಎಲ್ಲರ ಎದುರು ಏಪ್ರನ್ ಬಿಚ್ಚಿಸಿದರು. ಗೇಟಿನವನು ಅವಳ ಊಟದ ಡಬ್ಬಿ ತೆರೆಸಿ, ಒಳಗೆ ಬೆರಳಾಡಿಸಿ ನೋಡಿ ಹೊರಗೆ ಬಿಟ್ಟ. ನಾನು ನೋಡುತ್ತಾ ನಿಂತೆ. ಒಪ್ಪಿಕೊಳ್ಳುತ್ತೇನೆ, ಹೆದರಿಕೆಯ ಜೊತೆ ಒಂದಿಷ್ಟು ಖುಷಿಯೂ ಆಯಿತು. ಈಗ ಗೊತ್ತಾಗುತ್ತದೆ ಇವಳಿಗೆ, ಅಂದುಕೊಂಡೆ.

ಯಾಕೆಂದರೆ ನನಗೂ ಆಗಿತ್ತು. ಮೂರು ವರ್ಷದ ಹಿಂದೆ, ಅದೇ ಮೇಜಿನ ಹತ್ತಿರ. ನನಗೆ ಮೈ ಹುಷಾರಿರಲಿಲ್ಲ. ಎರಡು ಸಲ ಮುಗಿದಿತ್ತು. ಮೂರನೇ ಸಲ ಕೇಳಿದೆ, ಸೀಟಿ ಇಲ್ಲ ಅಂದ. ಮತ್ತೆ ಕೇಳಿದೆ. "ನಿನ್ನ ಮನೆ ಬಚ್ಚಲಾ ಇದು?" ಅಂದ. ಶೀಟಿನ ಮೂಲೆ ಹಿಡಿದುಕೊಂಡು ನಡೆಯುತ್ತಿದ್ದವಳಿಗೆ ನಿಂತಲ್ಲೇ ಆಗಿಹೋಯಿತು. ಕಾಲಿನ ಮೇಲೆ ಬೆಚ್ಚಗೆ ಇಳಿಯಿತು. ಕೈಯಲ್ಲಿದ್ದ ಶೀಟನ್ನು ನಾನು ಬಿಡಲಿಲ್ಲ. ಬಿಟ್ಟರೆ ಅದೂ ಕೊಳೆಯಾಗುತ್ತದೆ ಅನ್ನುವ ಯೋಚನೆ ಆ ಹೊತ್ತಿನಲ್ಲೂ ಇತ್ತು. ಸೀಟಿ ನನ್ನ ಕೈಗೆ ಬಟ್ಟೆ ಕೊಟ್ಟು ನೆಲ ಒರೆಸು ಅಂದ. ನಲವತ್ತು ಹೆಂಗಸರ ನಡುವೆ ಮೊಣಕಾಲೂರಿ ಒರೆಸಿದೆ. ಆಮೇಲೆ ಮನೆಗೆ ಕಳಿಸಲಿಲ್ಲ. "ಹಬೆಗೆ ಒಣಗತ್ತೆ, ಕೆಲಸ ಮಾಡು" ಅಂದ. ಆ ಒದ್ದೆಯಲ್ಲೇ ಸಂಜೆಯವರೆಗೆ ಮಡಿಸಿದೆ. ಲಾರಿಗೆ ಮೂಟೆ ಹೊರುವ ಗಂಡಸರು ಮಾರನೆಯ ದಿನದಿಂದ ನನ್ನನ್ನು ನಲ್ಲಿ ಅಂತ ಕರೆದರು. ಈಗಲೂ ಕರೆಯುತ್ತಾರೆ. ಕೆಲವರಿಗೆ ಆ ಹೆಸರು ಯಾಕೆ ಬಂತು ಅನ್ನುವುದೂ ಮರೆತುಹೋಗಿದೆ, ಹೆಸರು ಮಾತ್ರ ನಿಂತಿದೆ.

ಆ ದಿನ ಶೀಟಿನ ಇನ್ನೊಂದು ತುದಿ ಹಿಡಿದು ನಿಂತಿದ್ದವಳು ಚಿಕ್ಕವಳು. ಆಗ ಅವಳು ಕೆಲಸಕ್ಕೆ ಸೇರಿ ಒಂದು ತಿಂಗಳು. ಮನೆಗೆ ಬರುವ ದಾರಿಯಲ್ಲಿ ಅವಳ ಕೈ ಹಿಡಿದು, "ಮನೇಲಾಗ್ಲಿ ಹೊರಗಾಗ್ಲಿ ಯಾರಿಗಾದ್ರೂ ಹೇಳಿದ್ಯೋ, ನಾಲಿಗೆ ಕತ್ತರಿಸಿಬಿಡ್ತೀನಿ" ಅಂದಿದ್ದೆ. ಅವಳು ಅಳುತ್ತಾ ತಲೆ ಆಡಿಸಿದ್ದಳು. ಆ ರಾತ್ರಿ ನನಗಾಗಿ ಯಾರೂ ಬರಲಿಲ್ಲ. ನಾನೇ ಎಲ್ಲರಿಗೂ ಅಡುಗೆ ಮಾಡಿ ಬಡಿಸಿದೆ.

ಅವಳಿಗೆ ನೋಡಿ! ಕೆಲಸ ಹೋದ ಮಾರನೆಯ ದಿನವೇ ಮನೆ ತುಂಬಿತು. ಪಕ್ಕದ ಮನೆಯವರು ಬಂದರು. ಲಾಂಡ್ರಿಯ ಹೆಂಗಸರು ಪಾಳಿ ಮುಗಿಸಿ ನೇರವಾಗಿ ಬಂದರು. ಮೈದುನ ಅವಳ ಪಕ್ಕ ಕೂತು ಕೈ ಒತ್ತುತ್ತಿದ್ದ. ನನ್ನ ಗಂಡ ನನ್ನ ಕೈ ಒತ್ತಿದ್ದು ಯಾವಾಗ, ನೆನಪು ಮಾಡಿಕೊಂಡೆ, ಸಿಗಲಿಲ್ಲ. ಅತ್ತೆ ಒಲೆಯ ಮುಂದೆ ನಿಂತು ಅವಳಿಗೆ ಅಂತ ಬೇರೆ ಟೀ ಮಾಡಿದರು. ಸಕ್ಕರೆ ಹೆಚ್ಚು ಹಾಕಿ.

"ಪಾಪ, ಚಿಕ್ಕವಳು ಇಳಿದುಹೋಗಿದಾಳೆ. ದೊಡ್ಡವಳೇ, ಆ ಪಾತ್ರೆ ನೀನೇ ತೊಳೆದುಬಿಡು" ಅಂದರು.

ತೊಳೆದೆ. ಒಂದೊಂದು ಪಾತ್ರೆಯನ್ನೂ ಕುಕ್ಕಿ ಕುಕ್ಕಿ ಇಟ್ಟೆ.

ಲಾಂಡ್ರಿಯ ಹೆಂಗಸರಲ್ಲೊಬ್ಬಳು ಹೇಳಿದಳು, ಸೈಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಸಹಾಯ ಕೇಂದ್ರ ಇದೆ, ಕೆಲಸದಿಂದ ತೆಗೆದವರಿಗೆ ದಾರಿ ತೋರಿಸುತ್ತಾರೆ, ದುಡ್ಡು ಕೇಳುವುದಿಲ್ಲ ಅಂತ. ಅಲ್ಲಿರುವ ಹೆಂಗಸಿನ ಕಂಕುಳಲ್ಲಿ ಯಾವಾಗಲೂ ಒಂದು ಫೈಲು, ಅದಕ್ಕೇ ಎಲ್ಲರೂ ಫೈಲಮ್ಮ ಅನ್ನುತ್ತಾರಂತೆ. "ಅಕ್ಕ, ಒಬ್ಬಳೇ ಹೋಗೋಕೆ ಭಯ ಆಗ್ತಿದೆ, ನೀನೂ ಬಾ" ಅಂದಳು ಚಿಕ್ಕವಳು. ನನ್ನ ವಾರದ ರಜೆಯ ದಿನ ಇಬ್ಬರೂ ಹೋದೆವು.

ಕಡಿದಾದ ಮೆಟ್ಟಿಲು. ಚಿಕ್ಕ ಕೋಣೆ, ಎರಡು ಬೆಂಚು. ಫೈಲಮ್ಮ ಚಿಕ್ಕವಳಿಗೆ ಕುರ್ಚಿ ಹಾಕಿದಳು, ನೀರು ಕೊಟ್ಟಳು, ಪೆನ್ನು ತೆಗೆದಳು. ಯಾವ ತಾರೀಕು, ಎಷ್ಟು ಗಂಟೆ, ಯಾರು ಯಾವ ಮಾತು ಆಡಿದರು, ಆಡಿದ ಹಾಗೇ ಹೇಳು ಅಂದಳು. ಚಿಕ್ಕವಳು ಒಂದು ಮಾತು ಹೇಳಿದರೆ ಅವಳು ಒಂದು ಸಾಲು ಬರೆದಳು. ನಾನು ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತಿದ್ದೆ. ಒಬ್ಬ ಹೆಂಗಸು ಹೇಳುವುದು, ಇನ್ನೊಬ್ಬಳು ಅದನ್ನು ಬರೆದುಕೊಳ್ಳುವುದು. ಅಷ್ಟು ನೋಡಿ ನನಗೆ ಎದೆಯೊಳಗೆ ಖಾರ ಕಲಸಿದಂತಾಯಿತು. ನಾನು ಜನ್ಮದಲ್ಲಿ ಆಡಿದ ಒಂದು ಮಾತನ್ನೂ ಯಾರೂ ಬರೆದುಕೊಂಡಿಲ್ಲ.

"ನೋಡಮ್ಮ" ಅಂದಳು ಫೈಲಮ್ಮ, "ನೋಟಿಸ್ ಕೊಡದೆ, ನಿನ್ನ ಮಾತು ಕೇಳದೆ ಹೀಗೆ ಏಕಾಏಕಿ ತೆಗೆಯೋಕಾಗಲ್ಲ. ಡಾಕ್ಟರ ಚೀಟಿ ಇಟ್ಕೊಂಡಿರೋದು ಒಳ್ಳೇದಾಯ್ತು. ಕಾರ್ಮಿಕ ಅಧಿಕಾರಿಗೆ ಅರ್ಜಿ ಹಾಕೋಣ, ಅವರು ಎರಡೂ ಕಡೆಯವರನ್ನ ಕರೀತಾರೆ. ಆದ್ರೆ ಒಂದು ಸಾಕ್ಷಿ ಬೇಕು. ಆ ಕಟ್ಟು ಕಟ್ಟಿದ ಹೊತ್ತಲ್ಲಿ ನೀನು ಮೇಜಿನ ಹತ್ರ ಇರಲಿಲ್ಲ ಅಂತ ಹೇಳೋರು. ಯಾರು ಕಟ್ಟಿದ್ದು ಗೊತ್ತಾ?"

"ಗೊತ್ತಿಲ್ಲ" ಅಂದಳು ಚಿಕ್ಕವಳು.

ಫೈಲಮ್ಮ ಕನ್ನಡಕದ ಮೇಲಿಂದ ನನ್ನನ್ನು ನೋಡಿದಳು. "ನೀವು ಯಾರು?"

"ಅವಳ ಓರಗಿತ್ತಿ."

"ನೀವೂ ಅಲ್ಲೇ ಕೆಲಸ ಮಾಡೋದಾ? ನಿಮಗೇನಾದ್ರೂ ತೊಂದರೆ ಆಗಿದೆಯಾ ಅಲ್ಲಿ?"

"ನನಗೇನಾಗಿದೆ? ಚೆನ್ನಾಗೇ ಇದೀನಿ" ಅಂದೆ.

ಮೆಟ್ಟಿಲಿಳಿಯುವಾಗ ಮೈಯೆಲ್ಲ ಉರಿಯುತ್ತಿತ್ತು. ಅವಳು ನನ್ನ ಹೆಸರು ಹೇಳಿದ್ದರೆ ಒಳ್ಳೆಯದಿತ್ತು. ಬೈಯಬಹುದಿತ್ತು, ಜಗಳ ತೆಗೆಯಬಹುದಿತ್ತು. ಕೆಲಸವನ್ನೂ ಕಳೆದುಕೊಂಡು, ನನ್ನನ್ನೂ ಉಳಿಸಿ, ಒಳ್ಳೆಯವಳು ಅನ್ನಿಸಿಕೊಳ್ಳುವುದನ್ನೂ ಅವಳೇ ಬಾಚಿಕೊಂಡಳು. ನನಗೆ ಏನು ಬಿಟ್ಟಳು?

ಅರ್ಜಿ ಹೋದ ನಾಲ್ಕನೇ ದಿನ ಮ್ಯಾನೇಜರ್ ನನ್ನನ್ನು ಮಹಡಿಗೆ ಕರೆಸಿದ. ಒಂಬತ್ತು ವರ್ಷದಲ್ಲಿ ಮೊದಲ ಸಲ ಆ ಕೋಣೆ ನೋಡಿದೆ. ಒಳಗೇ ಬಾತ್‌ರೂಮು. ಬಾಗಿಲು ಅರ್ಧ ತೆರೆದಿತ್ತು, ಬಿಳಿ ಟೈಲ್ಸು, ಒಣಗಿದ ಟವೆಲ್ಲು. ಟವೆಲ್ಲು ಮಡಿಸಿದ್ದು ನಮ್ಮ ಮೇಜಿನವರೇ, ಮಡಿಕೆ ನೋಡಿದರೆ ಗೊತ್ತಾಗುತ್ತದೆ.

"ನಿನ್ನ ಮನೆಯವಳೇ ಆದ್ರೂ ಸತ್ಯ ಸತ್ಯಾನೇ ಅಲ್ವಾ?" ಅಂದ. "ಆ ಕಟ್ಟು ಅವಳೇ ಕಟ್ಟಿದ್ದು, ನೀನು ನೋಡಿದ್ದೀಯ. ಅಷ್ಟು ಬರೆದಿದೀವಿ. ಒಂದು ಸಹಿ ಹಾಕು, ಆ ದಿನ ಬಂದು ಹೌದು ಅನ್ನು. ನಾಳೆಯಿಂದ ನಿನಗೆ ಸೂಪರ್‌ವೈಸರ್ ಪಕ್ಕ ಸ್ಟೂಲು. ಬಿಲ್ಲೆ ನಿನ್ನ ಕೈಯಲ್ಲಿ. ನಿನ್ನಂಥ ಕೆಲಸಗಾರ್ತಿ ಸಿಗಲ್ಲಮ್ಮ. ಅವತ್ತು ಅಷ್ಟಾದ್ರೂ ಒಂದು ಮಾತು ಆಡದೆ ನುಂಗಿಕೊಂಡೆ. ನನಗೆ ಗೊತ್ತಿಲ್ಲ ಅಂದ್ಕೊಂಡಿದ್ಯಾ?"

ಅವನಿಗೆ ಗೊತ್ತಿತ್ತು. ಮೂರು ವರ್ಷದಿಂದ ಗೊತ್ತಿತ್ತು. ಅದನ್ನು ನನ್ನ ಒಳ್ಳೆಯ ಗುಣ ಅಂತ ಲೆಕ್ಕ ಹಾಕಿ ಇಟ್ಟುಕೊಂಡಿದ್ದ.

ನಾನು ಸಹಿ ಹಾಕಿದೆ. ಮುಚ್ಚಿಟ್ಟು ಏನು ಪ್ರಯೋಜನ, ಹಾಕಿದೆ. ಚಿಕ್ಕವಳಿಗೆ ಕುರ್ಚಿ ಸಿಕ್ಕಿದೆ, ನನಗೆ ಸ್ಟೂಲಾದರೂ ಸಿಗಲಿ ಅಂತಲೇ ಹಾಕಿದೆ. ಗಂಡನಿಗೆ ಹೇಳಿದಾಗ, "ಇಬ್ಬರ ಕೆಲಸಾನೂ ಹೋದ್ರೆ ಮನೆ ನಡಿಯೋದು ಹೇಗೆ? ನೀನು ಮಾಡಿದ್ದೇ ಸರಿ" ಅಂದು ಮಗ್ಗುಲು ಬದಲಿಸಿದ.

ಚಿಕ್ಕವಳಿಗೆ ಸಹಿಯ ವಿಷಯ ಗೊತ್ತಿರಲಿಲ್ಲ, ಸ್ಟೂಲಿನದು ಗೊತ್ತಾಯಿತು. "ಕೂರೋಕೆ ಕೊಟ್ರಂತೆ ಅಕ್ಕ. ಒಳ್ಳೇದಾಯ್ತು, ನಿನಗೆ ಮಂಡಿ ನೋವಿತ್ತಲ್ಲ" ಅಂದಳು. ನಿಜವಾಗಿಯೇ ಅಂದಳು. ಅವಳಿಗೆ ಹೊಟ್ಟೆಕಿಚ್ಚು ಪಡುವುದೂ ಬರುವುದಿಲ್ಲ. ಅದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು.

ಕೂತುಕೊಳ್ಳುವುದು ಎಷ್ಟು ಸುಖ ಅಂತ ಯಾರಿಗೂ ಗೊತ್ತಿಲ್ಲ, ಒಂಬತ್ತು ವರ್ಷ ನಿಂತವರನ್ನು ಬಿಟ್ಟು. ಮೊದಲ ದಿನ ಕಾಲು ಎಲ್ಲಿಡಬೇಕು ಅಂತಲೇ ತಿಳಿಯಲಿಲ್ಲ. ಮೊಳೆಯ ಮೇಲಿದ್ದ ಬಿಲ್ಲೆ ಈಗ ನನ್ನ ಮಡಿಲಿಗೆ ಬಂತು. ನಾನು ಬೇಕಾದಾಗ ಹೋಗಬಹುದಿತ್ತು. ಎರಡು ದಿನ ಸುಮ್ಮನೆ ಹೋಗಿ ಬಂದೆ, ಅವಸರ ಇಲ್ಲದಿದ್ದರೂ. ಬಾಗಿಲು ಹಾಕಿಕೊಂಡು ನಿಂತು, ಐದು ನಿಮಿಷ ದಾಟಲಿ ಅಂತ ಕಾದು ಬಂದೆ.

ಮೂರನೇ ದಿನ ಗುಂಡಿಯಕ್ಕ ಬಂದಳು. ಆಸ್ಪತ್ರೆಯ ಗೌನುಗಳಿಗೆ ಗುಂಡಿ ಹೊಲಿಯುವವಳು, ನಮ್ಮಲ್ಲೆಲ್ಲ ಹಿರಿಯಳು. ಕೈ ಚಾಚಿದಳು. ನಾನು ಪುಸ್ತಕ ನೋಡಿ, "ಎರಡು ಸಲ ಆಗಿದೆಯಲ್ಲಕ್ಕ" ಅಂದೆ. ಅಂದಮೇಲೆ ನನ್ನ ದನಿ ನನಗೇ ಕೇಳಿಸಿತು. ಅವಳು ಬೈಯಲಿಲ್ಲ. ನನ್ನ ಮುಖ ನೋಡಿ, "ಸರಿ ತಾಯಿ" ಅಂದು ಹಿಂದಕ್ಕೆ ಹೋದಳು. ಹೋಗಿ ಕಾಲ ಮೇಲೆ ಕಾಲು ಒತ್ತಿಕೊಂಡು ಕೂತು ಸೂಜಿ ಪೋಣಿಸಲು ನೋಡಿದಳು. ದಾರ ಸೂಜಿಯೊಳಗೆ ಹೋಗುತ್ತಲೇ ಇರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನಾನೇ ಎದ್ದು ಹೋಗಿ ಬಿಲ್ಲೆಯನ್ನು ಅವಳ ಕೊರಳಿಗೆ ಹಾಕಿದೆ. ಬರೆದುಕೊಳ್ಳಲಿಲ್ಲ. ಆದರೆ ಸ್ಟೂಲು ಬಿಡಲಿಲ್ಲ. ವಾಪಸ್ಸು ಬಂದು ಅದರ ಮೇಲೇ ಕೂತೆ.

ಕಾರ್ಮಿಕ ಅಧಿಕಾರಿ ಕರೆದ ದಿನ ನಾನು ಕಂಪನಿಯ ಗಾಡಿಯಲ್ಲಿ ಹೋದೆ, ಮ್ಯಾನೇಜರ್ ಮುಂದೆ, ನಾನು ಮತ್ತು ಸೀಟಿ ಹಿಂದೆ. ಚಿಕ್ಕವಳು ಬಸ್ಸಿನಲ್ಲಿ ಬಂದಿದ್ದಳು, ಪಕ್ಕದಲ್ಲಿ ಮೈದುನ, ಫೈಲಮ್ಮ. ನನ್ನ ಒಳ್ಳೆಯ ಚಪ್ಪಲಿ ಹಾಕಿಕೊಂಡಿದ್ದಳು, ಕೇಳದೆ. ನನ್ನನ್ನು ಕಂಡು ಅವಳ ಮುಖ ಅರಳಿತು. ತನ್ನ ಕಡೆ ಸಾಕ್ಷಿ ಹೇಳಲು ಬಂದೆ ಅಂದುಕೊಂಡಳೋ ಏನೋ. ನಾನು ಹೋಗಿ ಮ್ಯಾನೇಜರ್ ಪಕ್ಕದ ಕುರ್ಚಿಯಲ್ಲಿ ಕೂತ ಮೇಲೆ ಮುಖ ಇಳಿಯಿತು. ಮೈದುನ, "ಅತ್ತಿಗೆ..." ಅಂದ.

ಉದ್ದನೆಯ ಮೇಜು. ಆ ಕೊನೆಗೆ ಅಧಿಕಾರಿ, ಪಕ್ಕದಲ್ಲಿ ಗುಮಾಸ್ತ. ಅಧಿಕಾರಿ ಚಿಕ್ಕವಳ ಅರ್ಜಿಯನ್ನು ಗಟ್ಟಿಯಾಗಿ ಓದಿದರು. ತಾರೀಕು, ಏಪ್ರನ್, ಡಬ್ಬಿಯಲ್ಲಿ ಬೆರಳಾಡಿಸಿದ್ದು, ಡಾಕ್ಟರ ಚೀಟಿ. ಐದನೇ ಸಾಲಿಗೆ ಬಂದರು.

"ಇದೇ ಮೇಜಿನಲ್ಲಿ ಮೂರು ವರ್ಷದ ಹಿಂದೆ ಒಬ್ಬ ಹೆಂಗಸಿಗೆ ಬಿಲ್ಲೆ ಕೊಡದ ಕಾರಣ ನಿಂತಲ್ಲೇ ಮೂತ್ರವಾಗಿ, ಅವಳಿಂದಲೇ ನೆಲ ಒರೆಸಿಸಿ, ಒದ್ದೆ ಬಟ್ಟೆಯಲ್ಲೇ ಸಂಜೆಯವರೆಗೆ ದುಡಿಸಲಾಯಿತು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ."

ನನ್ನ ಕಿವಿ ಕಾದ ಹಂಚಿನಂತಾಯಿತು. ಹೇಳಿಬಿಟ್ಟಿದ್ದಾಳೆ. ನಾಲಿಗೆ ಕತ್ತರಿಸುತ್ತೇನೆ ಅಂದಿದ್ದೆ, ನಾನಿಲ್ಲದ ದಿನ ಫೈಲಮ್ಮನ ಹತ್ತಿರ ಹೋಗಿ ಬರೆಸಿಬಿಟ್ಟಿದ್ದಾಳೆ.

"ಕಟ್ಟುಕಥೆ ಸಾರ್" ಅಂದ ಸೀಟಿ. "ಯಾವ ಹೆಂಗಸು? ಹೆಸರು ಹೇಳಲಿ."

ಅಧಿಕಾರಿ ಚಿಕ್ಕವಳ ಕಡೆ ತಿರುಗಿದರು. "ಯಾರಮ್ಮ ಅದು?"

ಅವಳು ನೆಲ ನೋಡಿದಳು. "ಹೇಳಲ್ಲ ಸಾರ್."

"ಹೇಳದಿದ್ರೆ ಈ ಸಾಲು ನಿಲ್ಲಲ್ಲಮ್ಮ. ಸುಳ್ಳು ಅಂದ್ಕೋಬೇಕಾಗತ್ತೆ."

"ಅಂದ್ಕೊಳ್ಳಿ ಸಾರ್. ಹೇಳಲ್ಲ. ಮಾತು ಕೊಟ್ಟಿದೀನಿ."

ಮ್ಯಾನೇಜರ್ ನಕ್ಕ. ಜೋರಾಗಿಯಲ್ಲ, ಮೂಗಿನಲ್ಲಿ. "ನೋಡಿ ಸಾರ್, ಇಂಥ ಹೆಂಗಸೇ ಇಲ್ಲ. ಇದೊಂದು ಸುಳ್ಳಾದ್ರೆ ಮಿಕ್ಕಿದ್ದೆಲ್ಲ ಏನು ಅಂತ ನೀವೇ ಹೇಳಿ." ಗುಮಾಸ್ತ ಪೆನ್ನಿನಿಂದ ಆ ಸಾಲಿನ ಪಕ್ಕ ಒಂದು ಗೆರೆ ಎಳೆದ.

ನನಗೆ ಆಗ ಏನಾಯಿತು ಅಂತ ನೆಟ್ಟಗೆ ಹೇಳಬೇಕು. ಚಿಕ್ಕವಳ ಮೇಲೆ ಕರುಣೆ ಉಕ್ಕಿತು ಅಂದರೆ ಸುಳ್ಳಾಗುತ್ತದೆ. ಉಕ್ಕಿದ್ದು ಹಳೆಯ ಉರಿಯೇ. ಒಬ್ಬ ಹೆಂಗಸಂತೆ! ಕಾಲ ಮೇಲೆ ಇಳಿದದ್ದು ನನ್ನದು. ಮೊಣಕಾಲೂರಿದ್ದು ನಾನು. ಮೂರು ವರ್ಷ ನಲ್ಲಿ ಅನ್ನಿಸಿಕೊಂಡಿದ್ದು ನಾನು. ಅದು ಅವಳ ಅರ್ಜಿಯಲ್ಲಿ ಐದನೇ ಸಾಲು. ಅದಕ್ಕೂ ಹೆಸರಿಲ್ಲ, ಈಗ ಅದೂ ಸುಳ್ಳಂತೆ, ಇಂಥ ಹೆಂಗಸೇ ಇಲ್ಲವಂತೆ. ಮೂರು ಅಡಿ ದೂರದಲ್ಲಿ ನಾನು ಕೂತಿದ್ದೇನೆ. ನನ್ನ ಎದುರಿಗೇ ನಾನು ಇಲ್ಲ ಅಂತ ನಗುತ್ತಿದ್ದಾನೆ. ಮಹಡಿಯ ಮೇಲೆ ಕರೆದು ಇದ್ದೀಯ ಅಂದವನೂ ಇವನೇ.

ಅಧಿಕಾರಿ ಇನ್ನೊಂದು ಕಾಗದ ತೆಗೆದು ನನ್ನ ಕಡೆ ನೋಡಿದರು. "ಇದು ನಿಮ್ಮ ಸಹಿ ತಾನೇ?"

"ಹೌದು ಸಾರ್."

"ಆ ಕಟ್ಟು ಇವರೇ ಕಟ್ಟಿದ್ದು ಅಂತ ಬರೆದಿದೆ. ನೀವು ನೋಡಿದೀರಾ?"

"ಸಹಿ ನಂದು. ಬರೆದಿದ್ದು ಅವರು. ಕಟ್ಟು ಕಟ್ಟಿದ್ದು ನಾನು."

ಮ್ಯಾನೇಜರ್ ನನ್ನ ಕಡೆ ತಿರುಗಿದ. ಸೀಟಿಯ ಕೈ ಅಭ್ಯಾಸಬಲದಿಂದ ಕೊರಳಿನ ಸೀಟಿಗೆ ಹೋಯಿತು.

"ಅವಳು ಬಾತ್‌ರೂಮಿಗೆ ಹೋಗಿದ್ಲು" ಅಂದೆ. "ನಾನು ಒಬ್ಬಳೇ ಮಡಿಸಿದೆ. ಒಬ್ಬಳೇ ಮಡಿಸಿದ್ರೆ ಆಚೆ ಕಡೆ ಕಾಣಲ್ಲ ಸಾರ್. ಅವಳ ದಾರದಲ್ಲಿ ಕಟ್ಟಿದೆ. ನಾವೆಲ್ಲ ಹಾಗೇ ಕಟ್ತೀವಿ, ನಲವತ್ತು ಜನಾನೂ. ಕಟ್ಟದಿದ್ರೆ ಬಾತ್‌ರೂಮಿಗೆ ಹೋದ ತಪ್ಪಿಗೆ ಬೆರಳು ಸುಡ್ತಾರೆ."

"ಏನೇ, ತಲೆ ಕೆಟ್ಟಿದೆಯಾ?" ಅಂದ ಸೀಟಿ. "ನೆಟ್ಟಗೆ ಮಾತಾಡು. ನಾಳೆ ಕೆಲಸಕ್ಕೆ ಬರಬೇಕು ನೀನು."

"ನೀನು ಅವತ್ತು ಕೊಟ್ಯಲ್ಲ ಬಟ್ಟೆ, ನೆಲ ಒರೆಸು ಅಂತ" ಅಂದೆ, ಎದ್ದು ನಿಂತು. ಅವನಿಗೆ ಏಕವಚನ ಹಾಕಿದ್ದು ಅದೇ ಮೊದಲು. "ಯಾವ ಹೆಂಗಸು ಅಂತ ಕೇಳ್ತೀಯಾ? ನೋಡು. ಸರಿಯಾಗಿ ನೋಡು. ನಲ್ಲಿ ಅಂತ ಕರೀತೀರಲ್ಲ, ಅವಳೇ."

ಚಿಕ್ಕವಳು ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ಎದ್ದು ನನ್ನ ಕಡೆ ಬರಲು ನೋಡಿದಳು. ನಾನು ಕೈ ಎತ್ತಿ ಅಲ್ಲೇ ನಿಲ್ಲಿಸಿದೆ. ಬಂದು ತಬ್ಬಿಕೊಂಡರೆ ಇದೂ ಅವಳದಾಗಿಬಿಡುತ್ತದೆ.

"ಯಾಕೆ ಅವತ್ತೇ ಬಂದು ಹೇಳಲಿಲ್ಲ?" ಅಂದಳು ಫೈಲಮ್ಮ, ಮೆಲ್ಲಗೆ.

"ಯಾರಮ್ಮ ಹೇಳಿದ್ರು ನನಗೆ, ಆ ಮಹಡಿ ಮೇಲೆ ಬರ್ಕೊಳ್ಳೋರು ಒಬ್ಬರಿದ್ದಾರೆ ಅಂತ? ನನ್ನ ಮನೆಗೆ ಯಾರು ಬಂದ್ರು?"

ಮ್ಯಾನೇಜರ್ ಎದ್ದು, ಇದು ಬೇರೆ ವಿಷಯ, ಇವತ್ತಿನ ಕೇಸಿಗೆ ಸಂಬಂಧ ಇಲ್ಲ, ಈ ಹೆಂಗಸು ಮನೆಯವಳ ಪರವಾಗಿ ಸುಳ್ಳು ಹೇಳುತ್ತಿದ್ದಾಳೆ ಅಂತ ಒಂದೇ ಉಸಿರಿಗೆ ಹೇಳಿದ. 'ಸುಳ್ಳು' ಅನ್ನುವ ಮಾತಿಗೆ ಚಿಕ್ಕವಳು ಎದ್ದು ನಿಂತು ಮೇಜು ಗುದ್ದಿದಳು. ಅಧಿಕಾರಿ ಇಬ್ಬರನ್ನೂ ಕೂರಿಸಿದರು. ನನ್ನನ್ನು ಕೂರಿಸಲಿಲ್ಲ. ನಾನೂ ಕೂರಲಿಲ್ಲ.

"ಸರಿ" ಅಂದರು ಅಧಿಕಾರಿ. "ನಿಮ್ಮ ಹೇಳಿಕೆ ಬೇಕು. ನೀವು ಹೇಳಿ, ಇವರ ಅರ್ಜಿ ಕೆಳಗೆ ಜಾಗ ಇದೆ, ಅಲ್ಲೇ ಸೇರಿಸ್ಕೋತಾರೆ."

ಗುಮಾಸ್ತ ಅರ್ಜಿಯನ್ನು ತನ್ನ ಕಡೆ ಎಳೆದುಕೊಂಡ. ಐದನೇ ಸಾಲಿನ ಪಕ್ಕ ಅವನು ಎಳೆದ ಗೆರೆ ಹಾಗೇ ಇತ್ತು. ಅದರ ಕೆಳಗೆ ನಾಲ್ಕು ಬೆರಳಷ್ಟು ಜಾಗ ಖಾಲಿ ಇತ್ತು.

"ಬೇಡ ಸಾರ್" ಅಂದೆ. "ಕಟ್ಟಿನ ವಿಷಯ ಅಲ್ಲಿ ಬರ್ಕೊಳ್ಳಿ. ಅದು ಅವಳದು, ಅವಳ ಕೆಲಸ ಅವಳಿಗೆ ವಾಪಸ್ ಸಿಗಬೇಕು. ಆದ್ರೆ ನನ್ನದನ್ನ ಅವಳ ಹೆಸರಿನ ಕೆಳಗೆ ಬರೀಬೇಡಿ. ನನಗೆ ಬೇರೆ ಹಾಳೆ ಬೇಕು."

ಗುಮಾಸ್ತ ಅಧಿಕಾರಿಯ ಮುಖ ನೋಡಿದ. ಅಧಿಕಾರಿ ತಲೆಯಾಡಿಸಿದರು. ಅವನು ಡ್ರಾಯರ್ ಎಳೆದು ಒಂದು ಬಿಳಿ ಹಾಳೆ ತೆಗೆದು ಮೇಜಿನ ಮೇಲಿಟ್ಟ.

"ಹೇಳಿ" ಅಂದ.